ಬೈಗುಳವಿಲ್ಲದ ನಾಲ್ಕು ಉತ್ತರಗಳು

ನಮ್ಮ ಅತ್ತೆಯನ್ನು ಫೇಲ್ ಮಾಡುವ ಧೈರ್ಯ ಈ ಭೂಮಿಯ ಮೇಲೆ ಇದ್ದದ್ದು ಒಂದು ಕಂಪ್ಯೂಟರಿಗೆ ಮಾತ್ರ. ಮನುಷ್ಯರು ಯಾರೂ ಮಾಡುತ್ತಿರಲಿಲ್ಲ. ಮಾಡಿದ್ದರೆ ಮರುದಿನ ಬೆಳಿಗ್ಗೆ ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ಅವಳ ಪಕ್ಕದ ಸೀಟಿನಲ್ಲಿ ಕೂರಬೇಕಾಗುತ್ತಿತ್ತು. ಲಿಂಗಸುಗೂರು ಬರುವಷ್ಟರಲ್ಲಿ ಅವರೇ ಅಂಕ ತಿದ್ದಿ, ತಪ್ಪಾಯಿತು ಎಂದು ಕೈಮುಗಿದು, ತಮ್ಮ ಮಗಳ ಜಾತಕವನ್ನೂ ಅವಳ ಕೈಗೆ ಕೊಟ್ಟು ಇಳಿಯುತ್ತಿದ್ದರು!

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಹೆಸರು ಬರೆಯುವುದಿಲ್ಲ. ಬರೆದರೆ "ನನ್ನ ಹೆಸರ್ಯಾಕ ಬರದಿ?" ಎನ್ನುತ್ತಾಳೆ, ಬರೆಯದಿದ್ದರೆ "ಯಾಕ ಬರೀಲಿಲ್ಲ?" ಎನ್ನುತ್ತಾಳೆ. ಎರಡನೆಯದಕ್ಕೆ ಸುಳ್ಳು ಹೇಳುವುದು ಸುಲಭ. ಸಿಂಧನೂರಿನಲ್ಲಿ ನಮ್ಮದೇ ಓಣಿಯಲ್ಲಿ ಅವಳ ಮನೆ. ಲಿಂಗಸುಗೂರಿನಲ್ಲಿ, ಹಳ್ಳಿಗಳಿಗೆ ಕುಡಿಯುವ ನೀರಿನ ಪೈಪು ಹಾಕಿಸುವ ಒಂದು ಕಂಪನಿಯಲ್ಲಿ ಅವಳ ನೌಕರಿ. ನಾನು ಮಸ್ಕಿಯಲ್ಲಿ ಮೇಷ್ಟ್ರು. ಹೀಗಾಗಿ ಬೆಳಗಿನ ಬಸ್ಸು ಇಬ್ಬರಿಗೂ ಒಂದೇ. ನಾನು ನಡುವೆ ಮಸ್ಕಿಯಲ್ಲಿ ಇಳಿದು ಬಚಾವಾಗುತ್ತೇನೆ.

ಬಚಾವಾಗುವುದು ಯಾತರಿಂದ? ಅವಳ ಧ್ವನಿಯಿಂದ ಮತ್ತು ಒಂದು ಪ್ರಶ್ನೆಯಿಂದ. ಧ್ವನಿ ಎಂಥದೆಂದರೆ, ಅವಳು ಹಿಂದಿನ ಬಾಗಿಲಲ್ಲಿ ಗುಟ್ಟು ಹೇಳಿದರೆ ಡ್ರೈವರು ಅದಕ್ಕೆ ಸಲಹೆ ಕೊಡುತ್ತಾನೆ. ಪ್ರಶ್ನೆ ಇದು: "ಯಾವೂರಾತ್ರಿ? ಯಾರ ಪೈಕಿ?" ಪಕ್ಕದಲ್ಲಿ ಕೂತವರು ಯಾರೇ ಇರಲಿ, ಬಸ್ಸು ಊರು ದಾಟುವಷ್ಟರಲ್ಲಿ ಅವರು ನಮಗೆ ಏನಾದರೂ ಆಗಿರುತ್ತಾರೆ. ಬಿಹಾರದಿಂದ ಪೈಪ್ ವೆಲ್ಡಿಂಗಿಗೆ ಬಂದವನೊಬ್ಬನನ್ನೂ ಅವಳು ಬಿಡಲಿಲ್ಲ. ಕೆದಕಿ ಕೆದಕಿ, ಅವನು ಬಾಡಿಗೆಗಿದ್ದ ಮನೆಯ ಸೊಸೆ ನಮ್ಮ ಬಳಗಾನೂರಿನವಳು ಎಂದು ಪತ್ತೆ ಹಚ್ಚಿ, "ಹಂಗಾರ ನೀ ನಮಗ ಅಳಿಯ ಆಗ್ಬೇಕು ನೋಡಪಾ!" ಎಂದಳು. ಅವನಿಗೆ ಕನ್ನಡ ಬರುತ್ತಿರಲಿಲ್ಲ, ತಲೆಯಾಡಿಸಿದ. ಇವತ್ತಿಗೂ ಪಂಚಮಿ ಬಂದರೆ ಅವನ ಪಾಲಿನ ಉಂಡಿ ಅವನಿಗೆ ತಪ್ಪದೆ ಮುಟ್ಟುತ್ತದೆ.

ಇಂಥ ಅತ್ತೆ ಪರೀಕ್ಷೆಗೆ ಯಾಕೆ ಕೂತಳು? ಅವಳ ಆಫೀಸಿಗೆ ಹೊರಗಿನಿಂದ ಪ್ರಾಜೆಕ್ಟ್ ಮ್ಯಾನೇಜರುಗಳು ಬರುತ್ತಾರೆ. ಒಳ್ಳೆಯ ಹುಡುಗರು, ಮೈತುಂಬ ವಿನಯ. ಬಂದವರು ಅತ್ತೆಯಿಂದ ಕೆಲಸ ಕಲಿಯುತ್ತಾರೆ, ಕಲಿತ ಮೇಲೆ ಹೋಗುತ್ತಾರೆ. ಈಗಿನ ಹುಡುಗನೂ ಹೊರಡುವವನಿದ್ದ. ಮಸ್ಕಿ ಸುತ್ತಿನ ಹಳ್ಳಿಗಳಿಗೆ ಹೊಸ ಕೆಲಸ ಬರುವುದಿತ್ತು. ಮಾಲಕರು ಅತ್ತೆಯನ್ನು ಕರೆದು, "ಅಕ್ಕಾರ, ಮ್ಯಾನೇಜರ್ ಅಂತ ಹೆಸರು ಹಾಕ್ಬೇಕಂದ್ರ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್ ಇರ್ಬೇಕ್ರಿ. ನೀವು ಪಾಸಾದ್ರ ಕುರ್ಚಿ ನಿಮ್ದ. ಇಲ್ಲಂದ್ರ ಮತ್ತೊಬ್ಬ ಹುಡುಗನ್ನ ತರ್ತೀನಿ," ಎಂದರು. ಮತ್ತೊಬ್ಬ ಹುಡುಗ ಎಂದರೆ ಮತ್ತೆ ಮೊದಲಿನಿಂದ ಕಲಿಸುವುದು! ಅತ್ತೆಗೆ ಅದು ಬೇಡವಾಗಿತ್ತು. ಕುರ್ಚಿ ಬೇಕಾಗಿತ್ತು.

ಮೊದಲ ಸಲ ಪರೀಕ್ಷೆ ಬೆಂಗಳೂರಿನ ಒಂದು ಸೆಂಟರಿನಲ್ಲಿ. ಹೊರಡುವ ಮೊದಲೇ ಬಸ್ಸಿನಲ್ಲಿ ಎಲ್ಲರಿಗೂ ಪೇಡೆ ಹಂಚಿದಳು. "ಇನ್ನೂ ಬರದೇ ಇಲ್ಲಲ್ಲತ್ತೀ?" ಎಂದೆ. "ಮ್ಯಾನೇಜರ್ ಆದಮ್ಯಾಲೆ ಪೇಡೆ ಹಂಚಾಕ ಫುರಸತ್ತ ಎಲ್ಲಿರ್ತೈತ್ಲೇ?" ಎಂದಳು. ಫೇಲಾಗಿ ಬಂದ ಮೇಲೆ ಕಂಡಕ್ಟರು ಹಲ್ಲು ಕಿರಿದು ಕೇಳಿದ:

"ಏನಾತ್ರಿ ಅಕ್ಕಾರ?"

"ಫೇಲ್ ಆತು."

"ಮತ್ತ ಆವತ್ತಿನ ಪೇಡೆ?"

"ಪೇಡೆ ಪಾಸಾಗಿತ್ತಲ್ಲ! ಚೊಲೋ ಇತ್ತಿಲ್ಲೋ?"

ಈ ಮಾತು ಕೇಳಿದವನು ಕಂಡಕ್ಟರು ಎಂದು ನಾನು ಖಂಡಿತವಾಗಿ ಬರೆದೆನಲ್ಲ, ಅತ್ತೆಯ ಪ್ರಕಾರ ಅದು ಮಸ್ಕಿಯ ಚಹಾದಂಗಡಿಯವನು. ಕಂಡಕ್ಟರನ ಪ್ರಕಾರ ಅವನಿಗೆ ಪೇಡೆಯೇ ಸಿಕ್ಕಿರಲಿಲ್ಲ. ನನ್ನ ನೆನಪಿನಲ್ಲಿ ಆ ದಿನ ಕಿಟಕಿಯಾಚೆ ಭತ್ತದ ಗದ್ದೆಗಳು ಹಸಿರಾಗಿ ತೂಗುತ್ತಿದ್ದವು. ಇಂಥ ಚಿತ್ರ ಇಷ್ಟು ಸರಿಯಾಗಿ ಕೂತಾಗಲೇ ನನಗೆ ಅನುಮಾನ. ಆಗ ಭತ್ತ ಕೊಯ್ದಾಗಿತ್ತೋ ಏನೋ! ಆದ್ದರಿಂದ ಗದ್ದೆಯನ್ನು ಬಿಡಿ, ಪೇಡೆಯನ್ನು ಮಾತ್ರ ನಂಬಿ.

ಫೇಲ್ ಯಾಕಾದಳು? ಗೊತ್ತಿಲ್ಲದೆ ಅಲ್ಲ, ಟೈಮು ಸಾಲದೆ. ಟೈಮು ಯಾಕೆ ಸಾಲಲಿಲ್ಲ? ಇದನ್ನು ಅವಳ ಬಾಯಿಂದಲೇ ಕೇಳಬೇಕು.

"ಒಂದ್ ಪ್ರಶ್ನಿ ಬಂತು. ತಂಡದಾಗಿನ ಒಬ್ಬಾಂವ ಮೀಟಿಂಗಿನ್ಯಾಗ ಮಾತಾಡವಲ್ಲ, ಮ್ಯಾನೇಜರ್ ಮೊದಲ ಏನ್ ಮಾಡ್ಬೇಕು ಅಂತ. ಅಲ್ಲಲೇ, ಅಂವ ಯಾವೂರಾಂವ, ಯಾರ ಪೈಕಿ ಅಂತ ಹೇಳಿಲ್ಲ. ಮನ್ಯಾಗ ಏನರ ಆಗೇತೇನು? ಹೇಣ್ತಿ ತವರಿಗಿ ಹೋಗ್ಯಾಳೇನು? ಗೊತ್ತಿಲ್ಲದ ಉತ್ತರ ಹೆಂಗ್ ಒತ್ತಾಕ ಬರ್ತೈತಿ?"

"ಮತ್ತೇನ್ ಮಾಡ್ದಿ?"

"ನಾನ ಅಂವಗೊಂದು ಹೆಸರಿಟ್ಟೆ. ಮುದಗಲ್ಲಿನಾಂವ ಅಂತ ಮಾಡ್ಕೊಂಡೆ. ಅವ್ವಗ ಆರಾಮಿಲ್ಲ, ಪಾಪ, ಅದಕ್ಕ ಮಾತಾಡವಲ್ಲ. ಹಂಗ ಉತ್ತರಾ ಒತ್ತಿ ಮುಂದ ಹೋದ್ರ, ಮುಂದಿನ ಪ್ರಶ್ನ್ಯಾಗ ಒಬ್ಬಾಂವ ಕೆಲಸಾ ಬಿಟ್ಟು ಹೋಗ್ಯಾನ! ನನ್ನೆದಿ ಝಲ್ ಅಂತು. ಅಂವನ ಇರ್ಬೇಕು ಇಂವ! ಹಿಂದಿನ ಪ್ರಶ್ನಿಗಿ ಹೊಳ್ಳಿ ಹೋಗಿ, ನಾ ಕೊಟ್ಟ ಉತ್ತರದಿಂದನ ಹೋದನೇನು ಅಂತ ನೋಡ್ದೆ."

ಹೀಗೆ ಊರುಕೇರಿ ಇಲ್ಲದ ನೂರಾರು ಅನಾಥರನ್ನು ದತ್ತು ತೆಗೆದುಕೊಂಡು, ಅವರ ಮನೆಯ ಕಷ್ಟಸುಖ ವಿಚಾರಿಸುತ್ತ ಕೂತರೆ ಯಾವ ಗಡಿಯಾರ ತಡೆದೀತು? ಕೊನೆಯ ಬಹಳಷ್ಟು ಪ್ರಶ್ನೆಗಳನ್ನು ಅವಳು ತೆರೆಯಲೇ ಇಲ್ಲ. ಅವಳಿಗೆ ಅಂಕ ಹೋದದ್ದಕ್ಕಿಂತ ಹೆಚ್ಚಿನ ದುಃಖ, "ಆ ಕಡೀ ಮಂದಿದೇನಾತೋ ಏನೋ" ಎಂಬುದು!

ಇನ್ನೊಂದು ತಕರಾರೂ ಇತ್ತು. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ. ಕೂತು ಮಾತಾಡು, ಕಾರಣ ತಿಳಿದುಕೋ, ಪರಿಣಾಮ ಅಂದಾಜು ಮಾಡು, ಮೇಲಿನವರಿಗೆ ತಿಳಿಸು. "ನಾಕರಾಗ ಒಂದ್ರಾಗರ ಬೈಯೂದು ಐತೇನ್ಲೇ? ಇಲ್ಲ! ಬೈಯದ ಯಾವ ದೇಶದಾಗ ಪೈಪ್ ಹಾಕ್ಯಾರ?"

ಎರಡನೆಯ ಸಲ ಪಾಸಾಗಲೇಬೇಕೆಂದು ಅತ್ತೆ ಒಂದು ಉಪಾಯ ಕಂಡುಹಿಡಿದಳು. ಪರೀಕ್ಷೆಯಲ್ಲಿ ಕೂತು ಯಾರ ಪೈಕಿ ಎಂದು ಕೇಳುವ ಬದಲು, ಮೊದಲೇ ಎಲ್ಲ ಜಾಗಕ್ಕೂ ನಮ್ಮ ಪೈಕಿಯವರನ್ನೇ ಕೂರಿಸಿಬಿಟ್ಟರೆ? ಒಂದು ಬೆಳಿಗ್ಗೆ ಬಸ್ಸಿನಲ್ಲಿ ನೇಮಕಾತಿ ನಡೆಯಿತು. ರೊಕ್ಕ ಕೊಟ್ಟು, ನಡುವೆ ಸುಮ್ಮನಿದ್ದು, ಕೊನೆಗೆ ಬಂದು ಸಿಟ್ಟು ಮಾಡುವ ಸ್ಪಾನ್ಸರ್ ಎಂದರೆ ನನ್ನ ಅಪ್ಪ. ಕೆಲಸಕ್ಕೆ ಸಂಬಂಧವಿರಲಿ ಬಿಡಲಿ, ಅಭಿಪ್ರಾಯ ಮಾತ್ರ ಇದ್ದೇ ಇರುವ ಸ್ಟೇಕ್‌ಹೋಲ್ಡರ್ ಎಂದರೆ ನನ್ನ ಅವ್ವ. ಸಾಮಾನು ತಡವಾಗಿ ಕಳಿಸುವ ಸಪ್ಲೈಯರ್ ಎಂದರೆ ಬಳಗಾನೂರಿನಲ್ಲಿರುವ ನನ್ನ ಕಾಕಾ, ಅಂದರೆ ಅತ್ತೆಯ ತಮ್ಮ.

"ಮತ್ತ ನಾನು?" ಎಂದೆ.

"ನೀ ರಿಸ್ಕ್ ಲೇ."

"ಮಾಮಾ?"

ಮಾಮ ಎಂದರೆ ಅತ್ತೆಯ ಗಂಡ. ಕಾಲುವೆ ರಸ್ತೆಯಲ್ಲಿ ಅವರದು ಮೋಟರ್ ವೈಂಡಿಂಗ್ ಅಂಗಡಿ. ರೈತರು ಸುಟ್ಟ ಪಂಪ್‌ಸೆಟ್ ತಂದಿಟ್ಟು ಕಥೆ ಹೇಳುತ್ತಾರೆ. ಮಾಮ "ಹೂಂ" ಎಂದು ತಾಮ್ರದ ತಂತಿ ಸುತ್ತುತ್ತಾರೆ. ಅತ್ತೆ ಸ್ವಲ್ಪ ಯೋಚಿಸಿ ಹೇಳಿದಳು: "ಇವರನ್ನ ಎಲ್ಲೂ ಹಾಕಾಕ ಬರಂಗಿಲ್ಲ. ಇವರು ಇರ್ತಾರ ಅಷ್ಟ."

ಬಸ್ಸಿನಲ್ಲಿ ನಡೆದ ನೇಮಕಾತಿ ಬಳಗಾನೂರಿಗೆ ಮುಟ್ಟಲು ಎಷ್ಟು ಹೊತ್ತು ಬೇಕು? ಆ ಭಾನುವಾರವೇ ಕಾಕಾ ಒಂದು ಚೀಲ ಹೊಸ ಅಕ್ಕಿ ಬೈಕಿನ ಮೇಲೆ ಹಾಕಿಕೊಂಡು ಬಂದ. ಬಾಗಿಲಲ್ಲೇ ಶುರು ಮಾಡಿದ.

"ಅಕ್ಕಾ, ನನ್ನ ಯಾಕ ತಡಾ ಮಾಡಾಂವನ್ನ ಮಾಡಿ? ಊರಾಗ ಇಜ್ಜತ್ ಹೋಗಾಕತ್ತೈತಿ."

"ನನ್ನ ಮದಿವ್ಯಾಗ ಶಾಮಿಯಾನಾ ತರೂದು ಯಾರ್ದಿತ್ತು?"

"ನಂದ. ತಂದಿದ್ನಿಲ್ಲೋ?"

"ಅಕ್ಕಿಕಾಳು ಬಿದ್ದಮ್ಯಾಲೆ ತಂದಿ."

"ಶಾಮಿಯಾನಾ ಟೈಮಿಗೆ ಬಂದಿತ್ತಕ್ಕಾ," ಕಾಕಾ ಶಾಂತವಾಗಿ ಹೇಳಿದ, "ಮದಿವಿ ಜಲ್ದಿ ಆತು."

ವಾದ ಬೆಳೆಯಿತು. ಅಕ್ಕಿಯ ಮುಖ ನೋಡಿ ಅತ್ತೆ ಮೆತ್ತಗಾದಳು. ಕಾಕಾನನ್ನು ಸಪ್ಲೈಯರ್ ಹುದ್ದೆಯಿಂದ ತೆಗೆದು ಕನ್ಸಲ್ಟಂಟ್ ಮಾಡಿದಳು. "ಹಂಗಂದ್ರೇನು?" ಎಂದ ಕಾಕಾ. "ಏನೂ ಮಾಡದ ಮಾತಾಡಾಂವ." "ಹಾಂ! ಇದು ನನಗ ಬರೋಬ್ಬರಿ ಹೊಂದತೈತಿ!" ಎಂದು ಖುಷಿಯಿಂದ ಊಟ ಮಾಡಿ ಹೋದ. ಆದರೆ ಆ ವಾರದ ಮಾದರಿ ಪರೀಕ್ಷೆಯಲ್ಲಿ ಅತ್ತೆಯ ಅಂಕ ದಬಕ್ಕನೆ ಬಿದ್ದವು. ಸಪ್ಲೈಯರ್ ಜಾಗ ಖಾಲಿ! ಸಾಮಾನು ತಡವಾದ ಪ್ರಶ್ನೆ ಬಂದರೆ ಯಾರ ಮುಖ ನೋಡಬೇಕು? ಕಾಕಾನಿಗೆ ತಿಳಿಸದೆ ಅವನನ್ನು ಮತ್ತೆ ಹಳೆಯ ಜಾಗಕ್ಕೆ ಹಾಕಿದಳು. ಅಂಕ ಏರಿದವು. ಅವನು ಇವತ್ತಿಗೂ ತಾನು ಕನ್ಸಲ್ಟಂಟ್ ಎಂದೇ ಬಳಗಾನೂರಿನಲ್ಲಿ ಓಡಾಡುತ್ತಿದ್ದಾನೆ. ದಯವಿಟ್ಟು ಯಾರೂ ಹೇಳಬೇಡಿ.

ಓದಿದ್ದು ತಲೆಯಲ್ಲಿ ನಿಲ್ಲಬೇಕಾದರೆ ಬದುಕಿನಲ್ಲಿ ಮಾಡಿ ನೋಡಬೇಕು ಎಂಬುದು ಅತ್ತೆಯ ನಂಬಿಕೆ. ಬಸುರಿಯಾಗಿದ್ದ ನನ್ನ ತಂಗಿಯ ಕುಬಸ ಲಿಂಗಸುಗೂರಿನಲ್ಲಿ ಅವಳ ಗಂಡನ ಮನೆಯಲ್ಲಿ ನಡೆಯಿತು. ಆರತಿ ಮುಗಿದು ಎಲೆ ಹಾಕುವ ಹೊತ್ತಿಗೆ ಅತ್ತೆ ಎದ್ದು ನಿಂತಳು. ಕೆಲಸ ಮುಗಿದ ಮೇಲೆ ಎಲ್ಲರೂ ಕೂತು, ಎಲ್ಲಿ ತಪ್ಪಿತು, ಏನು ಕಲಿತೆವು ಎಂದು ಮಾತಾಡಬೇಕೆಂದು ಪುಸ್ತಕದಲ್ಲಿದೆಯಂತೆ. "ಎಲ್ಲಾರೂ ಮನಸು ಬಿಚ್ಚಿ ಹೇಳ್ರಿ. ಯಾರೂ ಸಿಟ್ಟಾಗಂಗಿಲ್ಲ!" ಎಂದಳು.

ನಮ್ಮ ಮಂದಿಗೆ ಹೇಳಬಹುದಾದ ಮಾತೇ ಇದು? ಬೀಗರ ಮುದುಕಿ ಮೊದಲು, "ನಿಮ್ಮನಿ ಮದಿವ್ಯಾಗ ನನಗ ಹೋಳಿಗಿ ಆರಿದ್ದು ಬಂದಿತ್ತು" ಎಂದಳು. ಕುಬಸದ ಬಗ್ಗೆ ಕೇಳಿದ್ದು, ಹೇಳಿದ್ದು ಮದುವೆಯ ಬಗ್ಗೆ! ಅವ್ವ ಬಿಡುತ್ತಾಳೆಯೇ? "ಆವತ್ತು ಹೋಳಿಗಿನ ಮಾಡಿರಲಿಲ್ಲ, ಮಾದ್ಲಿ ಮಾಡಿದ್ವಿ" ಎಂದಳು. ಅಪ್ಪ ಲಾಡು ಎಂದ. ಕಾಕಾ ತಾನು ಬರುವಷ್ಟರಲ್ಲಿ ಎಲ್ಲ ಖಾಲಿಯಾಗಿತ್ತು ಎಂದ. ನನಗೆ ಜಿಲೇಬಿಯ ರುಚಿ ಈಗಲೂ ನಾಲಿಗೆಯ ಮೇಲಿದೆ. ಒಂದೇ ಮದುವೆ, ಒಂದೇ ಪಂಕ್ತಿ, ಪ್ರತಿ ಎಲೆಯಲ್ಲೂ ಬೇರೆ ಸಿಹಿ! ನೆನಪೆಂಬುದು ಬಡಿಸುವವರ ಕೈಯಲ್ಲಿಲ್ಲ, ಉಂಡವರ ಹೊಟ್ಟೆಯಲ್ಲಿರುತ್ತದೆ ಎಂದು ನನಗೆ ಆ ದಿನವೇ ಗೊತ್ತಾದದ್ದು. ಮಾತು ಅಲ್ಲಿಂದ ಇನ್ನೂ ಹಳೆಯ ಮದುವೆಗೆ, ಅಲ್ಲಿಂದ ಯಾರೋ ಯಾರಿಗೋ ಕೊಡದ ಸೀರೆಗೆ ಹೋಯಿತು. ಒಲೆಯ ಮೇಲಿನ ಅನ್ನ ಆರಿತು. ಕುಬಸದ ಹುಡುಗಿ, "ನನಗ ಹಸಿವಿ ಆಗೇತಿ, ಯಾರರ ಉಣ್ಣಾಕ ಹಾಕ್ರಿ" ಎಂದು ಅಳುವಂತಾದಳು. ಅತ್ತೆ ಗಂಟಲು ಸರಿಮಾಡಿಕೊಂಡು ಸಭೆಯ ಸಾರಾಂಶ ಹೇಳಿದಳು:

"ಕಲತ ಪಾಠ ಒಂದ. ಸಭಿ ಊಟಾದ ಮ್ಯಾಲೆ ಇಡಬೇಕು."

ಇಷ್ಟೆಲ್ಲ ಆದರೂ ಮಾದರಿ ಪರೀಕ್ಷೆಗಳಲ್ಲಿ ಅವಳು ಒಂದು ಗೆರೆಯ ಕೆಳಗೇ ನಿಲ್ಲುತ್ತಿದ್ದಳು. ಟೈಮು ಸಾಲುತ್ತಿತ್ತು, ಉತ್ತರ ತಪ್ಪುತ್ತಿದ್ದವು. ಯಾಕೆ ಎಂದು ನನಗೂ ತಿಳಿಯಲಿಲ್ಲ. ಒಂದು ಭಾನುವಾರ ಅವಳು ಮಾಮನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ದೊಡ್ಡ ಧ್ವನಿಯಲ್ಲಿ ಓದುತ್ತಿದ್ದಳು. ನಾನು ಉತ್ತರ ನೋಡುತ್ತಿದ್ದೆ. ಮತ್ತೆ ತಪ್ಪು.

"ಇದ್ಯಾಕ ಒತ್ತಿದಿ ಅತ್ತೀ?"

"ಅಂವ ಹಂಗ ಮಾಡ್ತಾನಲ್ಲಲೇ."

"ಯಾರು?"

ಆಗ ಮಾಮ ತಂತಿ ಸುತ್ತುವುದನ್ನು ನಿಲ್ಲಿಸಿದರು. ಇದು ಅಪರೂಪ. ಅವರು ತಲೆ ಎತ್ತಿ ಕೇಳಿದರು: "ಎಲ್ಲಾರನ್ನೂ ಕುಂದರಿಸೀದಿ. ಮ್ಯಾನೇಜರ್ ಜಾಗಾದಾಗ ಯಾರನ್ನ ಕುಂದರಿಸೀದಿ?"

"ಅದನೇನ್ ಕೇಳ್ತೀರಿ? ಆಫೀಸಿನ್ಯಾಗ ಅದಾನಲ್ಲ, ಆ ಹುಡುಗ."

ನನಗೆ ನಗು ಬಂತು. ಆಮೇಲೆ ಬರಲಿಲ್ಲ. ಪ್ರಾಜೆಕ್ಟ್ ಮ್ಯಾನೇಜರ್ ಎಂದು ಓದಿದಾಗಲೆಲ್ಲ ಅವಳ ಕಣ್ಣೆದುರು ಬರುತ್ತಿದ್ದವನು ಆ ಹುಡುಗ. ಅವನು ಏನು ಮಾಡಿಯಾನು ಎಂದು ಯೋಚಿಸಿ ಅವಳು ಉತ್ತರ ಒತ್ತುತ್ತಿದ್ದಳು! ಅವನೇನು ಮಾಡುತ್ತಾನೆಂದು ನಮಗೆಲ್ಲ ಗೊತ್ತು. ಬಸ್ಸಿನಲ್ಲಿ ದಿನಾ ಕೇಳುತ್ತೇವೆ. ಅವಳಿಗೆ ಫೋನು ಮಾಡುತ್ತಾನೆ. "ಮೇಡಂ, ಪೈಪ್ ಲಾರಿ ಬಂದಿದೆ, ಎಲ್ಲಿ ಇಳಿಸಲಿ?" "ಗುಡಿ ಹಿಂದ ಇಳಿಸ್ರಿ, ಮುಂದ ಇಳಿಸಿದ್ರ ಜಗಳಾ ಆಕ್ಕೈತಿ." ನಾಲ್ಕು ಉತ್ತರಗಳಲ್ಲಿ ಆ ಉತ್ತರ ಎಲ್ಲಿಂದ ಬರಬೇಕು?

ಮಾಮ ಮೆತ್ತಗೆ ಹೇಳಿದರು: "ಅಂವ ಪರೀಕ್ಷಾ ಬರ್ಯಾಕತ್ತಿಲ್ಲ. ನೀ ಬರ್ಯಾಕತ್ತಿ."

ಅಷ್ಟು ಹೇಳಿ ಮತ್ತೆ ತಂತಿ ಸುತ್ತತೊಡಗಿದರು. ಸುಟ್ಟ ಮೋಟರು ತಂದ ರೈತನೊಬ್ಬ ಬಂದು ನಿಂತ, ಅತ್ತೆ ಅವನಿಗೆ ಯಾವೂರು ಎಂದೂ ಕೇಳಲಿಲ್ಲ! ಮರುದಿನ ಬಸ್ಸಿನಲ್ಲಿ ಪುಸ್ತಕ ತೆರೆದು ಗಟ್ಟಿಯಾಗಿ ಓದಿದಳು: "ಸಪ್ಲೈಯರ್ ಸಾಮಾನು ತಡಾ ಮಾಡ್ಯಾನ. ನಾ ಮೊದಲ ಏನ್ ಮಾಡ್ಬೇಕು?" 'ನಾ' ಎಂಬ ಆ ಒಂದು ಅಕ್ಷರ ಹೇಳುವಾಗ ಅವಳ ಧ್ವನಿ, ನಾಚಿಕೊಂಡ ಹುಡುಗಿಯ ಹಾಗೆ, ಸ್ವಲ್ಪ ಸಣ್ಣದಾಯಿತು. ಅಥವಾ ನನಗೆ ಹಾಗೆ ಕೇಳಿಸಿತು. ಬಸ್ಸು ಹಳೆಯದು, ಸದ್ದು ಬಹಳ.

ಅಂದಿನಿಂದ ಅಂಕಗಳು ಗೆರೆ ದಾಟಿದವು. ಆದರೆ ಕೊನೆಯ ಗಂಡಾಂತರ ಬಾಕಿ ಇತ್ತು. ಈ ಸಲ ಬೆಂಗಳೂರು ಬೇಡ, ಮನೆಯಿಂದಲೇ ಬರೆಯುತ್ತೇನೆ ಎಂದು ಅವಳು ಹೆಸರು ಕೊಟ್ಟಿದ್ದಳು. ಆಮೇಲೆ ನಿಯಮ ಓದಿದೆವು. ಕ್ಯಾಮೆರಾದ ಆಚೆ ಒಬ್ಬರು ಕೂತು ನೋಡುತ್ತಿರುತ್ತಾರೆ. ಕೋಣೆಯಲ್ಲಿ ಬೇರೆ ಯಾರೂ ಇರಕೂಡದು, ಯಾರೂ ಬರಕೂಡದು, ಯಾರ ಧ್ವನಿಯೂ ಕೇಳಕೂಡದು. ಬರೆಯುವವರ ತುಟಿಯೂ ಅಲುಗಕೂಡದು! ಅಲುಗಿದರೆ ಪರೀಕ್ಷೆ ರದ್ದು.

"ತುಟಿ ಅಲುಗಿಸದ ಓದೂದು ಓದ ಅಲ್ಲ, ನೋಡೂದು!" ಎಂದು ಅತ್ತೆ ಕೂಗಾಡಿದಳು. ಕೂಗಿ ಏನು ಮಾಡುವುದು? ತರಬೇತಿ ಶುರುವಾಯಿತು. ಬಾಯಿತುಂಬ ನೀರು ತುಂಬಿಕೊಂಡು ಓದುವುದು ಅವ್ವನ ಸಲಹೆ. ಮೊದಲ ಪ್ರಶ್ನೆ ದಾಟಿತು. ಎರಡನೆಯದೂ ದಾಟಿತು. ಮೂರನೆಯದರಲ್ಲಿ ಗುತ್ತಿಗೆದಾರನೊಬ್ಬ ಕೆಲಸ ಅರ್ಧಕ್ಕೆ ಬಿಟ್ಟು ಇನ್ನಷ್ಟು ರೊಕ್ಕ ಕೇಳಿದ. "ಬಾಡ್ಕಾವ್!" ಎಂದಳು ಅತ್ತೆ. ನೀರೆಲ್ಲ ಲ್ಯಾಪ್‌ಟಾಪಿನ ಮೇಲೆ! ಮಾಮ ಅದನ್ನು ಅಂಗಡಿಗೆ ಒಯ್ದು, ಮೋಟರಿನ ವಾರ್ನಿಶು ಒಣಗಿಸುವ ಬಲ್ಬಿನ ಕೆಳಗೆ, ಎರಡು ಪಂಪ್‌ಸೆಟ್ಟುಗಳ ನಡುವೆ ಇಟ್ಟು ಒಣಗಿಸಿದರು. ಬದುಕಿತು. ಅಂದಿನಿಂದ ಅದರ ಫ್ಯಾನು ಬೋರ್‌ವೆಲ್ಲಿನ ಹಾಗೆ ಸದ್ದು ಮಾಡುತ್ತದೆ.

ಪರೀಕ್ಷೆಯ ದಿನ ಬೆಳಿಗ್ಗೆ ಓಣಿಯೇ ಬೇರೆಯಾಗಿತ್ತು. ಓಣಿಯಲ್ಲಿ ಯಾರೂ ಬಾಗಿಲು ಬಡಿದು ಒಳಗೆ ಬಂದವರಲ್ಲ, ಎಲ್ಲರೂ ಮಾತಾಡುತ್ತಲೇ ಒಳಗೆ ಬರುವವರು. ಅವರನ್ನೆಲ್ಲ ತಡೆಯಬೇಕು! ಅವ್ವ ಮನೆಮನೆಗೆ ಹೋಗಿ ಮಧ್ಯಾಹ್ನದವರೆಗೆ ಕುಕ್ಕರ್ ಇಡಬೇಡಿ ಎಂದು ಕೇಳಿಕೊಂಡಿದ್ದಳು. ಕೋಣೆಯ ಗೋಡೆ ಖಾಲಿ ಮಾಡಿದೆವು. ದೇವರ ಫೋಟೋ ಕೂಡ ಅಡುಗೆಮನೆಗೆ ಹೋಯಿತು. "ದೇವರು ಉತ್ತರಾ ಹೇಳಿಕೊಡ್ತಾನಂತ ತಿಳ್ದಾರೇನು? ಹೇಳೂದಿದ್ರ ಮೊದಲನೇ ಸಲನ ಹೇಳ್ತಿದ್ದ," ಎಂದಳು ಅತ್ತೆ. ಅದು ಅವಳು ಆಡಿದ ಕೊನೆಯ ಮಾತು. ಬಾಗಿಲು ಮುಚ್ಚಿತು.

ನಾನು ಬಾಗಿಲ ಕಾವಲು. ಅಪ್ಪ ಮೆಟ್ಟಿಲ ಕಾವಲು. ಮಾಮ ಅಂಗಡಿ ಮುಚ್ಚಿ, ಓಣಿ ಕಾಲುವೆ ರಸ್ತೆಗೆ ಕೂಡುವ ತಿರುವಿನಾಚೆ ಹೋಗಿ ನಿಂತಿದ್ದರು. ಕಾಕಾನಿಗೆ ಯಾವ ಕೆಲಸವನ್ನೂ ಕೊಟ್ಟಿರಲಿಲ್ಲ. ಆದರೂ ತಡವಾಗಬಾರದೆಂದು ಅವನು ಹಿಂದಿನ ಸಂಜೆಯೇ ಬಂದು, ಬೆಳಿಗ್ಗೆ ಮಂಡಾಳೊಗ್ಗರಣೆ ತಿಂದು, ಪಕ್ಕದ ಕೋಣೆಯಲ್ಲಿ ಅಡ್ಡಾಗಿದ್ದ. ಪರೀಕ್ಷೆ ಶುರುವಾಗಿ ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಗರಗರ ಸದ್ದು. ನಾನು ಲ್ಯಾಪ್‌ಟಾಪಿನ ಫ್ಯಾನು ಎಂದುಕೊಂಡೆ. ಅವ್ವ ಓಡಿ ಬಂದು ಕೈಸನ್ನೆ ಮಾಡಿದಳು. ಕಾಕಾನ ಗೊರಕೆ! ಅ‍ಲುಗಿಸಿ ಎಬ್ಬಿಸಿದರೆ, "ನಾ ಎಲ್ಲಿ ಮಲಗೀನಿ?" ಎಂದು ಕೂಗಲು ಬಾಯಿ ತೆರೆದ. ಅಪ್ಪ, ಜೀವಮಾನದಲ್ಲಿ ತಮ್ಮನಿಗೆ ಕೈ ಮಾಡದವನು, ಅವನ ಬಾಯನ್ನು ಎರಡೂ ಕೈಯಿಂದ ಮುಚ್ಚಿದ.

ನಡುವೆ ಒಂದು ಬಿಡುವು ಸಿಕ್ಕಿತು. ಅತ್ತೆ ಹೊರಗೆ ಬಂದಳು. ಅವ್ವ ತಡೆಯಲಾರದೆ, "ಹೆಂಗಾಗೇತಿ?" ಎಂದಳು. ಅತ್ತೆ ತುಟಿ ಬಿಗಿಹಿಡಿದು ಕೈಯಾಡಿಸಿದಳು. ಒಮ್ಮೆ ತೆರೆದರೆ ಮತ್ತೆ ಮುಚ್ಚಲಿಕ್ಕಿಲ್ಲವೆಂಬ ಭಯ ಅವಳ ಕಣ್ಣಲ್ಲೇ ಇತ್ತು. ನೀರು ಕುಡಿದು ಮತ್ತೆ ಒಳಗೆ ಹೋದಳು. ಲೋಟವನ್ನೂ ಕೈಯಲ್ಲೇ ಒಯ್ಯುತ್ತಿದ್ದಳು, ನಾನು ಬಾಗಿಲಲ್ಲಿ ಇಸಿದುಕೊಂಡೆ. ಅಷ್ಟು ದಿನ ನಾವು ನಕ್ಕಿದ್ದೆವು. ಇದು ಅವಳಿಗೆ ಇಷ್ಟು ಬೇಕಾಗಿತ್ತೆಂದು ನಮಗೆ ಯಾಕೆ ಗೊತ್ತಾಗಿರಲಿಲ್ಲ? ಅವಳು ಎಲ್ಲವನ್ನೂ ಕೂಗಿ ಹೇಳುವವಳು, ಇದೊಂದನ್ನು ಕೂಗಿರಲಿಲ್ಲ.

ಬಿಸಿಲು ನೆತ್ತಿ ದಾಟಿ ವಾಲಿದಾಗ ಬಾಗಿಲು ತೆರೆಯಿತು. ಅತ್ತೆ ಹೊಸ್ತಿಲಲ್ಲಿ ನಿಂತಳು. ತುಟಿ ಅಲುಗಿತು, ಸದ್ದು ಬರಲಿಲ್ಲ.

"ಏನಂದಿ?" ಎಂದಳು ಅವ್ವ.

"ಪಾಸ್."

"ಏನಂದಿ?"

"ಪಾಸಾತಂದೆ! ಕಿವಿ ಇಲ್ಲೇನು?"

ಆ ಧ್ವನಿ! ಓಣಿಯೆಲ್ಲ ಎದ್ದಿತು. ತಡೆದಿಟ್ಟಿದ್ದ ಕುಕ್ಕರುಗಳೆಲ್ಲ ಒಲೆ ಏರಿದವು. ಮಾತಾಡುತ್ತಲೇ ಮಂದಿ ಒಳಗೆ ನುಗ್ಗಿದರು. ಕಾಕಾ, "ನಾ ಮೊದಲ ಹೇಳಿದ್ನಿಲ್ಲೋ!" ಎಂದು ಏನನ್ನೂ ಹೇಳಿರದವನು ಎಲ್ಲರಿಗೂ ಹೇಳತೊಡಗಿದ. ಅಪ್ಪ ಪೇಡೆಗೆ ಓಡಿದ. ಅತ್ತೆ ಆ ಗದ್ದಲದ ನಡುವೆ ಸುತ್ತ ನೋಡಿ ಕೇಳಿದಳು:

"ಇವರೆಲ್ಲಿ?"

ಯಾರಿಗೂ ಗೊತ್ತಿರಲಿಲ್ಲ. ಮುಗಿಯಿತೆಂದು ಮಾಮನಿಗೆ ಹೇಳಲು ಯಾರೂ ಹೋಗಿರಲಿಲ್ಲ. ನಾನು ಕರೆದು ಬರುತ್ತೇನೆ ಎಂದೆ. "ನೀ ಇರು" ಎಂದು ಅವಳೇ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ನಾನು ಹಿಂದೆಯೇ ತಿರುವಿನ ತನಕ ಹೋಗಿ ನಿಂತೆ.

ಮಾಮ ರಸ್ತೆಯ ಬಾಯಲ್ಲಿ ಬಿಸಿಲಿಗೆ ನಿಂತಿದ್ದರು. ತಲೆಯ ಮೇಲೆ ಟವೆಲ್ಲು. ಓಣಿಗೆ ಬರಲಿದ್ದ ಭತ್ತದ ಚೀಲ ಹೇರಿದ ಟ್ರ್ಯಾಕ್ಟರೊಂದನ್ನು ಕೈಯೆತ್ತಿ ತಡೆದಿದ್ದರು. ಅದರ ಹಿಂದೆ ಎರಡು ಆಟೋ, ಒಂದು ಸೊಪ್ಪಿನ ಗಾಡಿ. ಅತ್ತೆ ಅವರ ಹತ್ತಿರ ಹೋಗಿ ನಿಂತಳು. ಮಾಮ ತಲೆಯ ಟವೆಲ್ಲು ತೆಗೆದು ಅವಳ ತಲೆಯ ಮೇಲೆ ಹಾಕಿದರು. ಅವಳು ಏನೋ ಹೇಳಿದಳು. ಏನೆಂದು ನನಗೆ ಕೇಳಿಸಲಿಲ್ಲ. ಹತ್ತು ಹೆಜ್ಜೆಯಾಚೆ ನಿಂತವನಿಗೆ ಅತ್ತೆಯ ಮಾತು ಕೇಳಿಸದೆ ಹೋದದ್ದು ನನ್ನ ಬದುಕಿನಲ್ಲಿ ಅದೊಂದೇ ಸಲ. ಈ ನೆನಪನ್ನು ಮಾತ್ರ ನಾನು ಯಾರ ಹತ್ತಿರವೂ ತಾಳೆ ನೋಡಿಲ್ಲ.

ಓಣಿಯ ಒಳಗಿನ ಗದ್ದಲ ಕೇಳಿ ಟ್ರ್ಯಾಕ್ಟರಿನವನು ಕೂಗಿದ: "ಮುಗೀತಂತಲ್ರೀ, ಇನ್ನರ ಬಿಡ್ರಿ!"

ಮಾಮ ಎತ್ತಿದ ಕೈ ಇಳಿಸಲಿಲ್ಲ.

"ಒಂದೀಟು ತಡಿಯಪಾ," ಎಂದರು. "ಆಕಿ ಮಾತಾಡಾಕತ್ತಾಳ."